ಹೆಂಡತಿಯ ಹೆಸರು

"ಒಂದು ಸಲವಾದ್ರೂ ಹೆಂಡತಿ ಹೆಸರು ಹೇಳಿದ್ನಾ? ನೀವೇ ಕೇಳಿದ್ರಲ್ಲ," ಎನ್ನುತ್ತಾ ಪೊಲೀಸರು ಕರೆಸಿದ್ದ ಮನಶ್ಶಾಸ್ತ್ರದ ಮೇಡಂ ಟೇಪ್ ರೆಕಾರ್ಡರ್ ನಿಲ್ಲಿಸಿದರು. ಅವರು ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು. ಮಾಯಮ್ಮ ಠಾಣೆಯ ಬೆಂಚಿನ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದಳು. ಕ್ಯಾಸೆಟ್ಟಿನ ತುಂಬ ಅಳಿಯ ತಿಮ್ಮರಾಜು 'ಅವಳು', 'ನಮ್ಮನೆಯವಳು' ಎಂದೇ ಅತ್ತಿದ್ದ. "ಕೊಂದವನಿಗೆ ಸತ್ತವಳ ಹೆಸರೆತ್ತೋಕೆ ಭಯ. ಮುಂಚೆ ಇವನು ನಿಮ್ಮ ಮಗಳನ್ನ ಹೆಸರು ಹಿಡಿದು ಕರೀತಿದ್ನಾ? ನೀವು ಹೇಳೋದರ ಮೇಲೇ ಎಲ್ಲ ನಿಂತಿದೆ."

ಮಾಯಮ್ಮನ ಬೆರಳು ಸೆರಗಿನ ತುದಿಯ ಗಂಟನ್ನು ಹುಡುಕಿತು. ಅದರೊಳಗೆ ಮಗಳು ಸವಿತಳ ಒಂದು ಕಿವಿಯೋಲೆಯಿತ್ತು. ಇನ್ನೊಂದನ್ನು ತಿಮ್ಮರಾಜು ಕಿವಿ ಹರಿಯುವಂತೆ ಕಿತ್ತುಕೊಂಡಿದ್ದ. ಅವತ್ತು ರಕ್ತ ಒರೆಸಿಕೊಳ್ಳುತ್ತಾ ತವರಿಗೆ ಬಂದವಳು, "ನಾಲೆಗೆ ಬೀಳ್ತೀನಿ ಕಣವ್ವ, ಇನ್ನು ನನ್ ಕೈಲಿ ಆಗಾಕಿಲ್ಲ," ಅಂದಿದ್ದಳು. ಅಂದಂತೆಯೇ ಬಿದ್ದಳು. ಯಾರೂ ತಳ್ಳಲಿಲ್ಲ ಎಂದು ಮಾಯಮ್ಮನಿಗೆ ಗೊತ್ತು. ತಮ್ಮ ಸೀಮೆಯಲ್ಲಿ ಯಾವ ಗಂಡಸೂ ಹೆಂಡತಿಯನ್ನು ಹೆಸರು ಹಿಡಿದು ಕೂಗುವುದಿಲ್ಲ ಎಂದೂ ಗೊತ್ತು.

ಓಲೆಯ ಮೊನೆ ಬೆರಳಿಗೆ ಚುಚ್ಚುವಷ್ಟು ಗಂಟನ್ನು ಅಮುಕಿ ತಲೆಯೆತ್ತಿದಳು. "ಊ ಕಣ್ರವ್ವ. ಬಾಯ್ತುಂಬ ಸವಿತಾ ಸವಿತಾ ಅಂತ್ಲೇ ಕೂಗ್ತಿದ್ದ. ಈಗ್ಯಾಕೆ ಆ ಹೆಸರು ಅವನ ಬಾಯಿಗೆ ಬರಾಕಿಲ್ವೋ, ನೀವೇ ಕೇಳಿ."

ಮೇಡಂ ಗಂಭೀರವಾಗಿ ತಲೆದೂಗಿ ಬರೆದುಕೊಳ್ಳತೊಡಗಿದರು. ಅಷ್ಟರಲ್ಲಿ ಠಾಣೆಯ ಜಗಲಿಯಿಂದ ಮಾಯಮ್ಮನ ಗಂಡ ನಂಜಪ್ಪ, ಮದುವೆಯಾದಾಗಿನಿಂದ ಕರೆದಂತೆಯೇ, ಗಟ್ಟಿಯಾಗಿ ಕೂಗಿದ: "ಇವ್ಳೇ, ಬಾರಮ್ಮಿ, ನಾಗಮಂಗಲದ ಬಸ್ಸು ಬಂದ್ಬುಡ್ತು."