ಬಿಸಿಲಿಳಿದ ಮೇಲೆ ಅರಳುವ ಹೂವು

ಶಾಂತಲಾ ಮೈಕ್ರೋಸ್ಕೋಪಿನ ಮುಂದಿನ ಸ್ಟೂಲಿನಿಂದ ಎದ್ದು ಪ್ರೊಫೆಸರ್ ಶಿವಮೂರ್ತಪ್ಪನವರಿಗೆ ಜಾಗ ಬಿಟ್ಟಳು. ಅವಳ ಪಿಎಚ್‌ಡಿ ಪ್ರಬಂಧಕ್ಕೆ ಸಹಿ ಹಾಕಬೇಕಾದವರು ಅವರು. ಆನಗೋಡು ಸುತ್ತಿನ ಶ್ರೀಮುದ್ರೆ ಗಿಡಗಳೆಲ್ಲ ಒಂದೇ ಪ್ರಭೇದ ಎಂದು ಮೂವತ್ತು ವರ್ಷದ ಹಿಂದೆ ಬರೆದವರೂ ಅವರೇ. ಅಲ್ಲ, ಎರಡು ಎನ್ನುವುದು ಇವಳ ವಾದ.

"ಪರಾಗದ ಕಣ ದುಂಡಗೈತೆ, ಮೈತುಂಬಾ ಉದ್ದನೆ ಮುಳ್ಳು," ಎಂದರು ಶಿವಮೂರ್ತಪ್ಪ ಕಣ್ಣೆತ್ತದೆ. "ಶ್ರೀಮುದ್ರೇದು ಹಿಂಗೇ ಇರೋದು. ಹೊಸದೇನೈತೆ ಇದರಾಗೆ?"

"ಇನ್ನೊಂದು ನೋಡ್ರಿ ಸರ್." ಶಾಂತಲಾ ಸ್ಲೈಡು ಬದಲಿಸಿದಳು.

ಈ ಕಣಕ್ಕೂ ಮುಳ್ಳಿದ್ದವು, ಆದರೆ ಗಿಡ್ಡ, ಮೊಂಡು. ಶಿವಮೂರ್ತಪ್ಪ ತಿರುಪು ತಿರುಗಿಸಿ ನೋಡಿದರು. ಮೊದಲನೆಯ ಸ್ಲೈಡನ್ನು ತಾವೇ ಇಟ್ಟು ನೋಡಿದರು, ಮತ್ತೆ ಎರಡನೆಯದನ್ನು. ಆಟದ ಸಾಮಾನು ಸಿಕ್ಕ ಮಗುವಿನ ಹಾಗೆ ಅವರು ಲೋಕ ಮರೆತಿದ್ದರು.

"ಎಳೇ ಮೊಗ್ಗಿಂದು ತೆಗೆದಿಯೇನು?"

"ಎರಡೂ ಅರಳಿದ ಹೂವೇ ಸರ್. ಇಪ್ಪತ್ತಿಪ್ಪತ್ತು ಗಿಡದ್ದು ನೋಡೀನಿ. ಒಂದೇ ಬದುವಿನ ಮ್ಯಾಲೆ ಎರಡೂ ಬೆಳೀತಾವೆ."

"ಮತ್ತೆ ನನಗ್ಯಾಕ ಸಿಗಲಿಲ್ಲ?"

ಉತ್ತರ ಶಾಂತಲಾಳಿಗೆ ಗೊತ್ತಿತ್ತು, ಹೇಳುವ ಧೈರ್ಯವಿರಲಿಲ್ಲ. ಬಾಗಿಲ ಬಳಿ ಕೂತಿದ್ದ ನಾಗಕ್ಕನೇ ಬಾಯಿ ಹಾಕಿದಳು. ಆನಗೋಡಿನಲ್ಲಿ ಆಡು ಮೇಯಿಸುವ ಹೆಂಗಸು. ಅಂದು ಶಿವಮೂರ್ತಪ್ಪನವರಿಗೆ ಗಿಡ ತೋರಿಸಿದ್ದಳು, ಇಂದು ಶಾಂತಲಾಳಿಗೆ ಹೂ ತಂದುಕೊಡುತ್ತಾಳೆ.

"ನೀವು ಹರಿಹರದಿಂದ ಬೆಳಿಗ್ಗೆ ಬಸ್ಸಿಗೆ ಬಂದು, ಬಿಸಿಲೇರೋದ್ರಾಗೆ ಹೊಂಟು ಹೋಗ್ತಿದ್ರಿ ಸಾಹೇಬ್ರೆ. ಒಂದು ಬೆಳಿಗ್ಗೆ ಅರಳ್ತೈತೆ, ಇನ್ನೊಂದು ಬಿಸಿಲಿಳಿದ ಮ್ಯಾಲೆ. ಅರಳಿದ್ದಷ್ಟೇ ಕಿತ್ತುಕೊಡು ಅಂದ್ರಿ, ಕೊಟ್ಟೆ."

"ಇನ್ನೊಂದೈತೆ ಅಂತ ಹೇಳಬಾರದಿತ್ತೇನವ್ವ?"

"ಹೇಳಿದ್ದೆ. ಹೂವಿಲ್ಲದ ಗಿಡ ನನಗ್ಯಾಕ ಅಂದಿದ್ರಿ."

ಶಿವಮೂರ್ತಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಅವರನ್ನು ನೋಡಿ ಶಾಂತಲಾಳಿಗೆ ಕನಿಕರವಾಯಿತು. ಪಾಪ, ಇನ್ನೆರಡು ತಿಂಗಳಿಗೆ ನಿವೃತ್ತಿ.

"ಬರೆದದ್ದು ಕೊಡು ಇಲ್ಲಿ," ಎಂದರು. ಅವಳು ಪ್ರಬಂಧದ ಹಾಳೆಗಳನ್ನು ಕೊಟ್ಟಳು. 'ಹಿಂದಿನ ಸಂಶೋಧಕರೊಬ್ಬರು ಇವನ್ನು ಒಂದೇ ಎಂದು ಭಾವಿಸಿದ್ದರು' ಎಂಬ ಸಾಲಿಗೆ ಅವರ ಬೆರಳು ನಿಂತಿತು. ಅವರ ಮರ್ಯಾದೆ ಉಳಿಸಲೆಂದೇ ಎರಡು ದಿನ ತಲೆ ಕೆರೆದುಕೊಂಡು ಬರೆದ ಸಾಲು ಅದು.

"ಈ ಒಬ್ಬರಿಗೆ ಹೆಸರಿಲ್ಲೇನು?" ಶಿವಮೂರ್ತಪ್ಪ ಆ ಪದ ಹೊಡೆದುಹಾಕಿ ತಮ್ಮ ಹೆಸರು ಬರೆದರು.

ಇಷ್ಟಕ್ಕೇ ಮುಗಿಯಿತೆಂದು ಶಾಂತಲಾ ಹಾಳೆಗೆ ಕೈ ಚಾಚಿದಳು. ಅಷ್ಟರಲ್ಲಿ ಬೆರಳು ಇನ್ನೊಂದು ಸಾಲಿಗೆ ಇಳಿದಿತ್ತು. 'ಹೂವು ಅರಳುವ ಹೊತ್ತಿನ ವ್ಯತ್ಯಾಸ ಸ್ಥಳೀಯರೊಬ್ಬರಿಂದ ತಿಳಿದುಬಂದಿತು.'

ಅವರು ಪೆನ್ನನ್ನು ಅವಳ ಕಡೆ ಸರಿಸಿದರು. "ಇದನ್ನ ನೀನೇ ತಿದ್ದು. ಸಹಿ ಹಾಕ್ತೀನಿ."

ಶಾಂತಲಾ ಪೆನ್ನು ತೆಗೆದುಕೊಂಡು 'ಸ್ಥಳೀಯರೊಬ್ಬರಿಂದ' ಎಂಬುದನ್ನು ಹೊಡೆದುಹಾಕಿದಳು. ಮೂರು ವರ್ಷ ಆ ಬದುಗಳಲ್ಲಿ ನಾಗಕ್ಕನ ಜೊತೆಗೆ ಓಡಾಡಿ, ಅವಳು ಕೊಟ್ಟ ರೊಟ್ಟಿ ತಿಂದಿದ್ದರೂ ಕೇಳದೇ ಉಳಿದಿದ್ದನ್ನು ಈಗ ಬಾಗಿಲ ಕಡೆ ತಿರುಗಿ ಕೇಳಿದಳು:

"ನಾಗಕ್ಕ, ನಿಮ್ಮ ಪೂರ್ತಿ ಹೆಸರೇನ್ರಿ?"