ದೇವರು ಕಳಿಸಿದವರು

ತನ್ನ ಮನೆಗೆ ಬರುವವರನ್ನು ಸಿದ್ದಲಿಂಗವ್ವನೇ ದಾರಿಯಲ್ಲಿ ತಡೆದು ಅಟ್ಟುತ್ತಿದ್ದಾಳೆ ಎಂಬುದು ಸುವಾರ್ತಮ್ಮನಿಗೆ ಮೂರನೆಯ ದಿನ ಖಾತ್ರಿಯಾಯಿತು.

ಗಂಟೆ ಎರಡಾಗಿತ್ತು. ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಕ್ಕದಲ್ಲಿ ಹೆಸರುಕಾಳಿನ ಪಲ್ಯ, ಎದುರಿಗೆ ಎರಡು ತಾಟು. ಎರಡೂ ಖಾಲಿ. ತೆರೆದ ಬಾಗಿಲಿನಿಂದ ಬಿಸಿಲು ಬಿಟ್ಟರೆ ಮತ್ತಾರೂ ಒಳಗೆ ಬಂದಿರಲಿಲ್ಲ. ಮುಂಜಾನೆಯಿಂದ ಹೊಟ್ಟೆಗೆ ಬಿದ್ದದ್ದು ಚಹಾ ಮಾತ್ರ. ನಿನ್ನೆಯೂ ಅಷ್ಟೇ, ಮೊನ್ನೆಯೂ ಅಷ್ಟೇ. ಎರಡೂ ದಿನದ ಅಡುಗೆ ಓಣಿಯ ಆಕಳ ಪಾಲಾಗಿತ್ತು.

ಮೂವತ್ತೆರಡು ವರ್ಷ ಮಿಶನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು ಸುವಾರ್ತಮ್ಮ. ಗಂಡ ತೀರಿಕೊಂಡ ಮೇಲೆ ಕೆರೂರಿನ ಈ ಮನೆಯಲ್ಲಿ ಒಂಟಿ. ಓಣಿಯಲ್ಲಿ ಕ್ರೈಸ್ತರ ಮನೆ ಇದೊಂದೇ. ಬಾಗಲಕೋಟೆಯಿಂದ ಸಭಾಪಾಲಕರು ತಿಂಗಳಿಗೊಮ್ಮೆ ಬಂದು, ಪ್ರಾರ್ಥನೆ ಮಾಡಿ, ಚಹಾ ಕುಡಿದು ಬಸ್ಸು ಹಿಡಿಯುತ್ತಿದ್ದರು. ಉಳಿದ ದಿನಗಳೆಲ್ಲ ಗೋಡೆಯ ಜೊತೆ ಮಾತು. ತಾನು ಯಾರಿಗೂ ಬೇಡವಾದೆ ಎಂದು ಎದೆ ಬಿರಿಯುವಷ್ಟು ಅನಿಸಿದ ಒಂದು ದಿನ ಅವಳು ದೇವರಿಗೆ ಮಾತು ಕೊಟ್ಟಳು. ದಿನಾಲೂ ಇಬ್ಬರಿಗೆ ಅಡುಗೆ ಮಾಡಿ ಬಾಗಿಲು ತೆರೆದಿಡುತ್ತೇನೆ. ನೀನು ಕಳಿಸಿದವರಿಗೆ ಉಣಿಸಿಯೇ ನಾನು ಉಣ್ಣುತ್ತೇನೆ. ಹಿಡಿದ ಹಟ ಬಿಡುವ ಪೈಕಿಯಲ್ಲ ಆಕೆ.

ಮೊದಲ ದಿನ ಯಾರೂ ಬರಲಿಲ್ಲ. ಸಂಜೆ ನಳದ ಹತ್ತಿರ ಪಕ್ಕದ ಮನೆಯ ಸಿದ್ದಲಿಂಗವ್ವ ಇವಳ ಬಾಡಿದ ಮುಖ ಕಂಡು ಕಾರಣ ಕೇಳಿದಳು. ಕಟ್ಟಾ ಆಚಾರದ ಹೆಂಗಸು. ಈ ಮನೆಯ ನೀರನ್ನೂ ಮುಟ್ಟುವವಳಲ್ಲ. ಸುವಾರ್ತಮ್ಮ ಹರಕೆಯ ವಿಷಯ ಹೇಳಿದ್ದು ಕೇಳಿ ಕೊಡ ಕೆಳಗಿಟ್ಟಳು.

“ದಿನಾ ಯಾರೂ ಬರಲಿಲ್ಲಂದ್ರ?”

“ದಿನಾ ಉಪವಾಸ.”

“ಅದಕ್ಕಿಂತ ನೀವ ಸ್ಟ್ಯಾಂಡಿಗೆ ಹೋಗಿ ಯಾರನರ ಕರ್ಕೊಂಡು ಬರ್ರಲ್ಲ.”

“ನಾ ಕರದ್ರ ಅದು ನನ್ನ ಕೆಲಸ ಆಕ್ಕೈತಿ ಯಕ್ಕಾ. ಆತ ಕಳಸಬೇಕು.”

ಸಿದ್ದಲಿಂಗವ್ವ ಮೂತಿ ತಿರುವಿ, ಕೊಡ ಎತ್ತಿಕೊಂಡು ಹೋದಳು.

ಮರುದಿನವೇ ಆತ ಕಳಿಸಿದ. ಅಂದಿನಿಂದ ಹದಿನಾಲ್ಕು ತಿಂಗಳು ಒಂದು ದಿನವೂ ತಪ್ಪಲಿಲ್ಲ. ಇಲಕಲ್ಲಿಗೆ ಹೊರಟ ಸೀರೆ ವ್ಯಾಪಾರಿ ಬಂದ. ಬಸ್ಸು ತಪ್ಪಿಸಿಕೊಂಡ ಶಿರೂರಿನ ಗುಲಾಬಬಿ ಬಂದಳು. ಕೆಲವರಿಗೆ ಅಂಥ ಹಸಿವೇನೂ ಇದ್ದಂತೆ ಕಾಣುತ್ತಿರಲಿಲ್ಲ. ಒಬ್ಬನಂತೂ ಬಾಯೊಳಗಿನ ಎಲೆಅಡಿಕೆ ಉಗುಳಿ ಬಂದು, ಅರ್ಧ ರೊಟ್ಟಿ ಮುರಿದು, “ನೀವೂ ಕೂಡ್ರಿ. ನೀವು ಉಣ್ಣೂದು ನೋಡೇ ಹೋಗ್ತೇನಿ” ಎಂದಿದ್ದ. ದೇವರು ಆರಿಸಿದವರನ್ನು ತಾನೇಕೆ ಪರೀಕ್ಷಿಸಲಿ ಎಂದು ಸುವಾರ್ತಮ್ಮ ಸುಮ್ಮನೆ ಬಡಿಸಿದಳು.

ಈಗ ಮೂರು ದಿನದಿಂದ ಒಂದು ನರಪಿಳ್ಳೆಯೂ ಇಲ್ಲ. ಮೊದಲ ದಿನ ತನ್ನ ತಪ್ಪು ಹುಡುಕಿದಳು. ಎರಡನೆಯ ದಿನ ಅತ್ತಳು. ಆಸ್ಪತ್ರೆಯವರು ನಿವೃತ್ತಿಯ ಹಾರ ಹಾಕಿದಾಗಲೂ ಇಷ್ಟು ನೊಂದಿರಲಿಲ್ಲ. ದೇವರಿಗೂ ನನ್ನ ಸೇವೆ ಸಾಕಾಯಿತೇ?

ಮೂರನೆಯ ದಿನ, ಹೋದ ವಾರ ಕಂಡದ್ದು ನೆನಪಾಯಿತು. ಮಾತ್ರೆ ತರಲು ಹೋದಾಗ ಬಸ್ ಸ್ಟ್ಯಾಂಡಿನಲ್ಲಿ ಸಿದ್ದಲಿಂಗವ್ವ ಒಬ್ಬ ಪರಊರಿನವನನ್ನು ನಿಲ್ಲಿಸಿ, ಈ ಓಣಿಯತ್ತ ಬೆರಳು ಮಾಡಿ ಏನೋ ಹೇಳುತ್ತಿದ್ದಳು. ಆತ ತಲೆಯಾಡಿಸಿ ಬೇರೆ ಕಡೆ ನಡೆದುಬಿಟ್ಟಿದ್ದ. ಆ ಮನೆಗೆ ಹೋಗಬೇಡ ಎಂದಲ್ಲದೆ ಮತ್ತೇನು ಹೇಳಿರುತ್ತಾಳೆ?

ಸುವಾರ್ತಮ್ಮ ಎದ್ದಳು. ತಲೆ ತಿರುಗಿತು. ಗೋಡೆ ಹಿಡಿದು ನಡೆದು ಪಕ್ಕದ ಮನೆಯ ಬಾಗಿಲು ಬಡಿದಳು.

“ಯಕ್ಕಾ, ಹೊರಗ ಬರ್ರಿ! ನಿಮ್ಮನ್ನ ಒಂದು ಮಾತು ಕೇಳೂದೈತಿ!”

“ಏಳಾಕ ಆಗೂದಿಲ್ರಿ. ನೀವ ಒಳಗ ಬರ್ರಿ.”

ಇಷ್ಟು ವರ್ಷದಲ್ಲಿ ಸುವಾರ್ತಮ್ಮ ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಸೊಸೆ ಹೊಲಕ್ಕೆ ಹೋಗಿದ್ದಳು. ಹೊರಸಿನ ಮೇಲೆ ಸಿದ್ದಲಿಂಗವ್ವ ಒಬ್ಬಳೇ ಮಲಗಿದ್ದಳು. ಬಲಗಾಲು ಬಾತು ಕುಂಬಳಕಾಯಿಯಾಗಿತ್ತು. ನರ್ಸಿನ ಕೈ ತಾನಾಗಿ ಆ ಪಾದದ ಕಡೆ ಹೋಯಿತು.

“ಯಾವಾಗ ಬಿದ್ರಿ?”

“ಮೊನ್ನಿ ಮುಂಜಾನಿ, ಬಚ್ಚಲದಾಗ.”

“ಓಣಿಗೆ ಒಬ್ಬಾಕಿ ನರ್ಸ್ ಅದಾಳ. ಒಂದು ಮಾತು ಹೇಳಿ ಕಳಸಾಕ ಏನಾಗಿತ್ತು ನಿಮಗ?”

ಮುದುಕಿ ತನ್ನ ಕಾಲಿನ ಕಡೆ ನೋಡಲೇ ಇಲ್ಲ. ಇವಳ ಒಣಗಿದ ತುಟಿಯನ್ನೇ ನೋಡುತ್ತಿದ್ದಳು.

“ನನ್ನ ಕಾಲು ಹಾಳಾಗಿ ಹೋಗ್ಲಿ ನರ್ಸಬಾಯಾರ. ಮೂರು ದಿನ ಆತು, ಸ್ಟ್ಯಾಂಡಿಗೆ ಹೋಗಿ ನಿಮ್ಮ ಮನಿಗೆ ಯಾರನ್ನೂ ಉಣ್ಣಾಕ ಕಳಸಾಕ ಆಗಿಲ್ಲ ನನಗ. ನೀವು ಉಂಡೀರೋ ಇಲ್ಲೋ?”