ಉಪಗ್ರಹ ಕೇಳುತ್ತಿದ್ದ ಪ್ರಶ್ನೆ

ಉಪಗ್ರಹದೊಳಗಿನ ಇಂಟರ್ನೆಟ್ ರೌಟರ್‌ಗೆ ತಂತ್ರಾಂಶ ಬರೆದವನು ಅವಳ ಗಂಡ. ಉಪಗ್ರಹ ನೆತ್ತಿಯ ಮೇಲೆ ಬಂದಾಗಲೆಲ್ಲ, ಅವನು ತಮಾಷೆಗೆ ಸೇರಿಸಿದ್ದ ಸಾಲು ನಿಯಂತ್ರಣ ಕೊಠಡಿಯ ಅವಳ ಪರದೆಯ ಮೇಲೆ ಮೂಡುತ್ತಿತ್ತು: 'ಊಟ ಮಾಡಿದ್ಯೇನೇ?'

ಅವನು ತೀರಿಕೊಂಡ ಮೇಲೆ ಹಾಗೆ ಕೇಳುವವರು ಬೇರೆ ಯಾರೂ ಇರಲಿಲ್ಲ. ಹೊಸ ತಂತ್ರಾಂಶ ಕಳಿಸಿದರೆ ಆ ಸಾಲೂ ಅಳಿಯುತ್ತದೆ. ಕೆಲಸಕ್ಕೆ ಮರಳಿದ ದಿನವೇ, ಸದ್ಯಕ್ಕೆ ಕಳಿಸಬೇಡಿ ಎಂದು ಪಕ್ಕದ ಮೇಜಿನ ವಾರಿಜಕ್ಕನನ್ನು ಬೇಡಿಕೊಂಡಿದ್ದಳು.

ವರ್ಷಾಬ್ದಿಕ ಮುಗಿಸಿ ಬಂದು ಅವಳೇ ಹೇಳಿದಳು, "ಸಾಕು ಅಕ್ಕ. ಹೊಸದನ್ನ ಕಳಿಸಿಬಿಡಿ."

ವಾರಿಜಕ್ಕ ಕೀಲಿಮಣೆಯಿಂದ ಕೈ ತೆಗೆದರು. "ನೀನು ಸೂತಕದಲ್ಲಿ ಮನೇಲಿದ್ದಾಗಲೇ ಕಳಿಸಿದ್ವಿ ಕಣೇ. ರೌಟರ್ ಕೈಕೊಟ್ಟಿತ್ತು."

"ಮತ್ತೆ ದಿನಾ ಕೇಳ್ತಿದ್ದದ್ದು?"

ವಾರಿಜಕ್ಕ ತಮ್ಮ ಡಬ್ಬಿಯ ಮುಚ್ಚಳ ತೆಗೆದು ಅವಳತ್ತ ಸರಿಸಿದರು.

"ಊಟ ಮಾಡಿದ್ಯೇನೇ?"